ಬ್ಯಾಳಿ ಬೇಯದ ನೀರು

ನಮ್ಮ ಶಹಾಬಾದದ ಓಣಿ ಮುಗಿಯುವಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಒಟ್ಟಿದ ಬಯಲಿನ ಅಂಚಿಗೆ, ಒಂದು ಹಳೆಯ ಬಸ್ಸು ನಿಂತಿರುತ್ತಿತ್ತು. ಕಿಟಕಿಗಳಿಗೆ ಹೂವಿನ ಚೀಟಿನ ಪರದೆ, ಹಿಂದಿನ ಬಾಗಿಲಿಗೆ ಕಟ್ಟಿಗೆಯ ಸಣ್ಣ ಏಣಿ, ತಲೆಯ ಮೇಲೆ ಒಣಗಲು ಹರವಿದ ಮೆಣಸಿನಕಾಯಿ. ಊರಿಗೆ ಹೊಸಬರು ಯಾರಾದರೂ "ಈ ಬಸ್ಸು ಎಲ್ಲಿಗಿ ಹೋಗ್ತದರಿ?" ಅಂತ ಕೇಳಿದರೆ, ಒಳಗೆ ಹೊಲಿಗೆ ಮಷೀನಿನ ಸದ್ದು ನಿಂತು ಒಂದು ಹೆಣ್ಣು ದನಿ ಬರುತ್ತಿತ್ತು: "ಇವತ್ತು ಇದು ಮನಿ ಅದರಿ. ನಾಳಿಗಿ ಬಸ್ಸಾಗ್ತದ, ನಾಳಿಗಿ ಬರ್ರಿ."

ಆ ದನಿ ಕಮರುನ್ನೀಸಾಳದು. ಆಕೆ ದರ್ಜಿ. ಗಂಡ ಅಬ್ದುಲ್ ಕರೀಮ್ ಬಸ್ಸು ನಡೆಸುವವನು. ಇಬ್ಬರೂ ಆ ಬಸ್ಸಿನಲ್ಲೇ ಇದ್ದರು. ಸೀಟು ಕಿತ್ತು ಹಾಕಿದ ಜಾಗದಲ್ಲಿ ಒಂದು ಮಂಚ, ಒಂದು ಸ್ಟೋವು, ಅರಿವೆ ಇಡುವ ಕಬ್ಬಿಣದ ಪೆಟ್ಟಿಗೆ, ಕಾಲಿನಿಂದ ತುಳಿಯುವ ಮಷೀನು. ನಡುವೆ ಒಂದು ದಪ್ಪ ಪರದೆ. ಆ ಪರದೆಯ ಹಿಂದೆಯೇ ಆಕೆಯ ವ್ಯಾಪಾರ. ಆಗ ನಮ್ಮ ಕಡೆ ಗಂಡಸು ದರ್ಜಿಗಳೇ ಇದ್ದರು. ಕುಬಸದ ಅಳತೆ ಕೊಡಲು ನಾಚಿ ಎಷ್ಟೋ ಹೆಣ್ಣುಮಕ್ಕಳು ಹಳೆಯ ಕುಬಸವನ್ನೇ ಕಳಿಸಿ, ಹೊಸದು ಮೈಗೆ ಕೂಡದೆ, ಹಂಗೇ ತೊಟ್ಟುಕೊಳ್ಳುತ್ತಿದ್ದರು. ಹೊಲಿಗಿ ಬಸ್ಸು ಬಂತೆಂದರೆ ಅವರೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅಳತೆ ಕೊಡುವರು, ಕೂತು ನಗುವರು, ಚಹಾ ಕುಡಿಯುವರು. ಕರೀಮ್ ಅಷ್ಟು ಹೊತ್ತು ಹೊರಗೆ ಬಾನೆಟ್ಟಿನ ಮುಂದೆ ತಲೆ ಬಗ್ಗಿಸಿ ನಿಂತಿರುತ್ತಿದ್ದ. ವಾಡಿಯ ಸಿಮೆಂಟ್ ಫ್ಯಾಕ್ಟರಿಯ ಲೈನ್ ಮನೆಗಳು, ಚಿತ್ತಾಪುರ, ಸೇಡಂ, ಕುರಕುಂಟಾ, ದೂರದ ಚಿಂಚೋಳಿಯವರೆಗೂ ಅವರ ತಿರುಗಾಟ. ನಮ್ಮದು ಇನ್ನೂ ಮೈಸೂರು ರಾಜ್ಯ ಅನ್ನುತ್ತಿದ್ದ ಕಾಲ ಅದು. ದಾರಿ ಕೆಟ್ಟದಾಗಿದ್ದರೂ ಗಾಡಿಗಳು ಕಡಿಮೆ ಇದ್ದವು.

ನನ್ನ ಕುಬಸಗಳನ್ನು ಆಕೆಯೇ ಹೊಲಿಯುತ್ತಿದ್ದಳು. ಗುಂಡಿ ಕೂಡಿಸುವ ತನಕ ಪಕ್ಕದಲ್ಲಿ ಕುಳಿತಿರಬೇಕು. ಕುಳಿತರೆ ಕಥೆ ಬರುತ್ತಿತ್ತು. ಗಂಡಹೆಂಡತಿ ತಮ್ಮೊಳಗೆ ತಮ್ಮ ಮನೆಮಾತಿನಲ್ಲೇ ಆಡಿಕೊಳ್ಳುತ್ತಿದ್ದರು. ನನಗೆ ಆಕೆ ಹೇಳಿದ್ದು ನಮ್ಮ ಕನ್ನಡದಲ್ಲಿ, ಹಂಗೇ ಬರೆದಿದ್ದೇನೆ.

ಬಸ್ಸು ಅವರಿಗೆ ಬಂದದ್ದು ಲಿಲಾವಿನಲ್ಲಿ, ಹರಾಜು ಕೂಗಿದಾಗ. ಓಡಿ ಓಡಿ ಸಾಕಾಗಿ ಯಾರೋ ಬಿಟ್ಟ ಗಾಡಿ. ಅದನ್ನು ಎಳೆಸಿಕೊಂಡು ಬಂದು ಬಯಲಿಗೆ ನಿಲ್ಲಿಸಿದ ಮೇಲೆ ಕರೀಮ್ ಎಷ್ಟು ಹ್ಯಾಂಡಲ್ ತಿರುಗಿಸಿದರೂ ಅದು ಕೆಮ್ಮಲೂ ಇಲ್ಲ. ಕೂಡಿಟ್ಟದ್ದೆಲ್ಲ ಮಣ್ಣಾಯಿತು ಅಂತ ಅವನು ನೆರಳಿಗೆ ಕುಳಿತುಬಿಟ್ಟಾಗ, ಅವನ ತಾಯಿ ಊರ ಹೊರಗಿನ ದರ್ಗಾಕ್ಕೆ ನಡೆದು ಹೋಗಿ, ಅಲ್ಲಿಯ ಬಾವಿಯ ನೀರು ತಂದು, ಬಿಸ್ಮಿಲ್ಲಾ ಅಂದು ರೇಡಿಯೇಟರಿಗೆ ಸುರುವಿದಳು. "ಈಗ ತಿರುವು" ಅಂದಳು. ತಿರುವಿದ. ಎಂಜಿನ್ನು ಹತ್ತಿತು. ಮುದುಕಿ ಮುಂದೆ ಬಹಳ ಕಾಲ ಇರಲಿಲ್ಲ. ಅಂದಿನಿಂದ ಊರಲ್ಲಿದ್ದ ಪ್ರತಿ ಗುರುವಾರ ಕರೀಮ್ ಆ ಬಾವಿಗೆ ಹೋಗಿ ಪೀಪಾಯಿ ತುಂಬಿಸಿಕೊಂಡು ಬರುವನು. ರೇಡಿಯೇಟರಿಗೆ ಆ ನೀರು ಬಿಟ್ಟು ಬೇರೆ ನೀರು ಮುಟ್ಟಿಸುತ್ತಿರಲಿಲ್ಲ. ದೂರ ಹೊರಟರೂ ಪೀಪಾಯಿ ಜತೆಗೇ ಹೋಗುತ್ತಿತ್ತು.

ಮುಂಜಾನೆ ಲಿಂಗಪೂಜೆಗೆ ನೀರು ಹಿಡಿಯುವ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ.

ಕೆಲವು ವರ್ಷ ಬಸ್ಸು ಚೆನ್ನಾಗಿ ಓಡಿತು. ಆಮೇಲೆ ಕುದಿಯಲು ಸುರುಮಾಡಿತು. ಮೊದಲು ಬೇಸಿಗೆಯಲ್ಲಿ, ಮಟಮಟ ಮಧ್ಯಾಹ್ನ; ಮುಂದೆ ಚಳಿಗಾಲದಲ್ಲೂ ಸಣ್ಣ ಏರು ಬಂದರೆ ಸಾಕು, ಮುಂದಿನ ಮುಚ್ಚಳದಿಂದ ಬುಸ್ ಅಂತ ಆವಿ. ಬಿಸಿ ತೋರಿಸುವ ಮುಳ್ಳು ಎಂದೋ ಸತ್ತಿತ್ತು. ಅದಕ್ಕೆ ಕಮರುನ್ನೀಸಾ ತನ್ನದೇ ಒಂದು ಉಪಾಯ ಮಾಡಿಕೊಂಡಿದ್ದಳು. ನೂಲು ಗಟ್ಟಿಯಾಗಲೆಂದು ದರ್ಜಿಗಳು ಅದನ್ನು ಮೇಣದ ತುಂಡಿಗೆ ಉಜ್ಜಿ ಎಳೆಯುತ್ತಾರಲ್ಲ, ಆ ಮೇಣ ಸದಾ ಆಕೆಯ ಹತ್ತಿರ ಇರುತ್ತಿತ್ತು. ಎಂಜಿನ್ನಿನ ಮೂತಿ ಹೊರಗೆ ಬಾನೆಟ್ಟಿನಲ್ಲಿ, ಹಿಂಭಾಗ ಡ್ರೈವರನ ಪಕ್ಕದಲ್ಲೇ, ತಗಡಿನ ಹೊದಿಕೆಯ ಕೆಳಗೆ. ಆಕೆ ಆ ತಗಡಿನ ಆಚೆ ಬದಿಗೆ ಕುಳಿತು ಮೇಣದ ತುಂಡನ್ನು ಅದರ ಮೇಲೆ ಇಡುತ್ತಿದ್ದಳು. ತುಂಡಿನ ಅಂಚು ಮೆತ್ತಗಾಗಿ ಹೊಳೆಯಲು ಹತ್ತಿದರೆ, "ಅಜೀ, ನಿಲ್ಲಸ್ರಿ" ಅನ್ನುವಳು. ನೆರಳು ನೋಡಿ ನಿಲ್ಲಿಸುವರು. ತಣ್ಣಗಾಗುವ ತನಕ ಆಕೆ ಗುಂಡಿಯ ಕಾಜ ಹೊಲಿಯುವಳು, ಅವನು ಬೀಡಿ ಸೇದುವನು. ಬಿಸಿ ಎಂಜಿನ್ನಿಗೆ ತಣ್ಣೀರು ಸುರುವಿದರೆ ಕಬ್ಬಿಣ ಸೀಳುತ್ತದೆ ಅಂತ ಅವನಿಗೆ ಗೊತ್ತು, ಅವಸರ ಮಾಡುತ್ತಿರಲಿಲ್ಲ.

ಆದರೆ ಆ ವರ್ಷ ಮೇಣ ಮೇಲಿಂದ ಮೇಲೆ ಕರಗಿತು. ಸೇಡಂ ದಾರಿಯಲ್ಲಿ ನಿಂತು, ಕುರಕುಂಟಾದ ಹತ್ತಿರ ನಿಂತು, ಹೇಳಿದ ದಿನಕ್ಕೆ ಅರಿವೆ ಮುಟ್ಟದೆ, ಹೆಣ್ಣುಮಕ್ಕಳ ಕೈಲಿ ಬೈಸಿಕೊಂಡು ಬರುವುದಾಯಿತು. ಕರೀಮ್ ಹೊಸ ಹೋಸ್ ಪೈಪು ಹಾಕಿದ. ಹೊಸ ಫ್ಯಾನ್ ಬೆಲ್ಟು ತಂದ. ಆ ಒಂದು ಬೆಲ್ಟೇ ಫ್ಯಾನನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಜಾರಿದರೆ ನೀರು ಓಡುವುದಿಲ್ಲ, ಗಾಳಿ ಬೀಸುವುದಿಲ್ಲ. ಆ ಹೆದರಿಕೆಗೆ ಅವನು ಬೆಲ್ಟನ್ನು ಬಿಲ್ಲಿನ ಹಗ್ಗದ ಹಾಗೆ ಬಿಗಿದಿದ್ದ. ಬಸ್ಸು ಚಾಲೂ ಮಾಡಿದಾಗ ಪಂಪಿನಿಂದ ನರಳಿದಂಥ ಸದ್ದು.

"ಅಜೀ, ಬೆಲ್ಟು ಭಾಳ ಬಿಗಿ ಆಗ್ಯಾದ," ಅಂದಳು ಕಮರುನ್ನೀಸಾ.

"ನೀ ಕುಬಸ ಹೊಲಿ. ಎಂಜಿನ್ ನಾ ನೋಡ್ತೀನಿ."

"ಕುಬಸ ಬಿಗಿ ಆದ್ರ ಹೆಣಮಕ್ಕಳು ಉಸುರು ಹ್ಯಾಂಗ ಬಿಡಬೇಕು? ನಿಮ್ಮ ಪಂಪು ಹಂಗ ಒದರ್ಲಿಕತ್ತದ, ಕೇಳ್ರಿ." ಅವನ ಕೈ ಹಿಡಿದು ಒಳಗೆ ಕರೆದೊಯ್ದು ತನ್ನ ಮಷೀನಿನ ಚರ್ಮದ ಪಟ್ಟಿಯ ಮೇಲೆ ಅವನ ಹೆಬ್ಬೆರಳು ಇಡಿಸಿದಳು. "ಒತ್ತ್ರಿ. ಜರಾ ಒಳಗ ಹೋಯ್ತಿಲ್ಲ? ಇಷ್ಟು ಸಡಿಲ ಬಿಟ್ರನ ಕಾಲಿಗಿ ಹಗೂರ. ಇದಕಿಂತ ಬಿಗಿದ್ರ ಗಾಲಿ ಭಾರ, ಇದಕಿಂತ ಬಿಟ್ರ ಜಾರ್ತದ."

ಕರೀಮ್ ಇನ್ನೊಮ್ಮೆ ಒತ್ತಿ ನೋಡಿದ. ಹೊರಗೆ ಹೋಗಿ ಬೆಲ್ಟನ್ನು ಎಳೆದು ಹಿಡಿದ ಡೈನಮೋದ ಬೋಲ್ಟು ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ಒಳಗೆ ಸರಿಸಿ, ಹೆಬ್ಬೆರಳಿನಿಂದ ಬೆಲ್ಟು ಒತ್ತಿ ನೋಡಿ ಮತ್ತೆ ಬಿಗಿದ. ಪಂಪಿನ ನರಳಿಕೆ ನಿಂತಿತು. "ನಿನ್ನ ಮಷೀನಿಗಿ ರೇಡಿಯೇಟರ್ ಒಂದು ಇಲ್ಲ ನೋಡು," ಅಂತ ಕಿಟಕಿಯಿಂದ ಒಳಗೆ ಕೂಗಿದ, "ಇದ್ದಿದ್ರ ಅದನ್ನೂ ಕಲಸ್ತಿದ್ದಿ."

ಸದ್ದು ನಿಂತರೂ ಕುದಿಯುವುದು ನಿಲ್ಲಲಿಲ್ಲ.

ಗುಜರಿ ವ್ಯಾಪಾರದ ಗೊಲ್ಲಾಳಪ್ಪ ಅಷ್ಟರಲ್ಲಿ ವಾಸನೆ ಹಿಡಿದು ಬಂದ. ಒಳ್ಳೆಯ ಮನುಷ್ಯ, ನಗುಮುಖದವನು, ಆದರೆ ಯಾವ ಗಾಡಿ ನೋಡಿದರೂ ಅವನ ಕಣ್ಣಿಗೆ ಅದು ಬಿಚ್ಚಿಟ್ಟ ಹಾಗೇ ಕಾಣುವುದು. ಬಸ್ಸಿನ ಸುತ್ತ ಒಂದು ಸುತ್ತು ಬಂದು ತಗಡು ಬಡಿದು ನೋಡಿದ.

"ಕರೀಮ್ ಭಾಯಿ, ಇನ್ನಾ ಎಷ್ಟು ದಿನ ಈ ಮುದುಕಿಗಿ ಕಾಡ್ತೀರಿ? ನನ್ನ ಕೈಗಿ ಕೊಡ್ರಿ. ಸುಖವಾಗಿ ಕಣ್ಣು ಮುಚ್ಚಸ್ತೀನಿ."

"ಒಳಗ ನಮ್ಮಾಕಿ ಇದ್ದಾಳ, ಸಾವಕಾಶ ಮಾತಾಡು," ಅಂದ ಕರೀಮ್.

"ಅವರಿಗಿ ನಾ ಯಾವಾಗ ಬ್ಯಾಡಂದೆ? ಮಷೀನು, ಮಂಚ, ಪರದೆ ಎಲ್ಲಾ ಅವರದ. ನನಗ ಕಬ್ಬಿಣ ಅಷ್ಟ."

ಕಮರುನ್ನೀಸಾ ಪರದೆ ಸರಿಸಿ, "ಅಣ್ಣಾರ, ಮಷೀನು ಇಟ್ಟು ಎಲ್ಲಿ ಕೂಡ್ಲಿ? ನಿಮ್ಮ ತಲಿ ಮ್ಯಾಲೇನು?" ಅಂದಳು. ಗೊಲ್ಲಾಳಪ್ಪ ನಕ್ಕ. ಕರೀಮ್ ನಗಲಿಲ್ಲ.

ಅಂದು ಅವನು ಹೆಂಡತಿಗೆ ಒಂದು ಮಾತು ಹೇಳಿದ. ಚಿಂಚೋಳಿ ಆಚೆಯ ಗುಡ್ಡದ ಮೇಲಿನ ಊರಿಗೆ ಮದುವೆಯ ಅರಿವೆ ಒಯ್ಯಬೇಕಿತ್ತು. ಅಲ್ಲಿಯ ಒಕ್ಕಲುತನದ ಮನೆಯ ಅಮೃತಮ್ಮ ತನ್ನ ಮಗಳ ಮದುವೆಗೆ ಮನೆಯ ಹೆಣ್ಣುಮಕ್ಕಳ ಕುಬಸಗಳನ್ನೆಲ್ಲ ಒಪ್ಪಿಸಿದ್ದಳು. ಮದುಮಗಳಿಗೆ ಮಾತ್ರ ಅಲ್ಲೇ ತೊಡಿಸಿ ನೋಡಿ ಕೊನೆಯ ಹೊಲಿಗೆ ಹಾಕಬೇಕು. ಹಿಂದೊಮ್ಮೆ ಆ ಏರಿನಲ್ಲೇ ಬಸ್ಸು ಕುದ್ದು ನಿಂತು, ಎತ್ತು ಕಟ್ಟಿ ಎಳೆಸಿಕೊಂಡು ಹೋಗಿದ್ದರು. "ಈ ಸಲಾನೂ ಆ ಏರನ್ಯಾಗ ಕುದೀತು ಅಂದ್ರ," ಅಂದ ಕರೀಮ್, "ನಾ ಇದಕ್ಕ ಇನ್ನ ಕೈ ಹಚ್ಚಂಗಿಲ್ಲ. ಗೊಲ್ಲಾಳಪ್ಪಗ ಕೊಟ್ಟು ಫ್ಯಾಕ್ಟರಿ ಲಾರಿ ನಡಸ್ತೀನಿ. ನಮ್ಮಣ್ಣನ ಮನ್ಯಾಗ ಒಂದು ಖೋಲಿ ಅದ."

ಆ ಖೋಲಿ ಕಮರುನ್ನೀಸಾಳಿಗೆ ಗೊತ್ತಿತ್ತು. ಮಂಚ ಹಾಕಿದರೆ ಮಷೀನಿಗೆ ಜಾಗವಿಲ್ಲ. ಜಾಗ ಮಾಡಿಕೊಂಡರೂ ಸೇಡಂದ ಹೆಣ್ಣುಮಕ್ಕಳು, ವಾಡಿಯ ಲೈನಿನವರು ಅಲ್ಲಿಗೆ ಯಾಕೆ ಬರುತ್ತಾರೆ? "ಅವತ್ತು ನಾ ಕಾಜ ಹೊಲಕೋತ ಕುಂತೆರಿ ಅಕ್ಕಾರ," ಅಂದಳು ನನಗೆ. "ಸೂಜಿ ಬೆರಳಿಗಿ ಚುಚ್ಚಿಕೋತ ಹೋದೆ."

ಮುಂದಿನ ಗುರುವಾರ ಆಕೆಯೂ ಗಂಡನ ಜತೆ ದರ್ಗಾಕ್ಕೆ ಹೋದಳು. ಅವನು ಬಾವಿಗೆ ಹೋದ. ಆಕೆ ದರ್ಗಾದ ಬಾಬಾನ ಹೆಸರಲ್ಲಿ ಸಕ್ಕರೆ ಓದಿಸಿ, ಬೇಡಿಕೊಂಡು, ಹಿಂದಿನ ಅಂಗಳಕ್ಕೆ ಬಂದಳು. ಅಲ್ಲಿ ದರ್ಗಾದ ಕಸ ಗುಡಿಸಿ ನೀರು ಕಾಯಿಸಿ ಕೊಡುವ ಮುದುಕಿ ಸೈದಾನಬಿ ತಾಮ್ರದ ಹಂಡೆಯನ್ನು ಮಲಗಿಸಿಕೊಂಡು, ಹುಣಚಿಹಣ್ಣಿನ ಹುಳಿ ನೀರು ಬಿಟ್ಟು, ಅದರ ಹೊಟ್ಟೆಯೊಳಗೆ ಕೈ ಹಾಕಿ ತಿಕ್ಕುತ್ತಿದ್ದಳು. ಹಂಡೆಯೊಳಗಿಂದ ಬೆಳ್ಳಗಿನ ಹಕ್ಕಳೆ ಉದುರುತ್ತಿತ್ತು. ಹೆಂಚಿನ ಚೂರಿನಷ್ಟು ದಪ್ಪ.

"ಇದೇನು ಖಾಲಾ?" ಅಂತ ಚಿಕ್ಕಮ್ಮನನ್ನು ಕರೆಯುವ ಹಾಗೆ ಕೇಳಿದಳು.

"ಸುಣ್ಣ, ಮಗಳ. ಈ ಬಾವಿ ಹಾಸಗಲ್ಲಿನ್ಯಾಗ ಕಡದದ್ದು. ನೀರು ಕಾಯ್ದಂಗ ಕಾಯ್ದಂಗ ಹಂಡ್ಯಾಗ ಕುಂದರ್ತದ. ತಿಕ್ಕಲಿಲ್ಲಂದ್ರ ಎಷ್ಟು ಕಟ್ಟಿಗಿ ಹಚ್ಚಿದ್ರೂ ನೀರಿಗಿ ಕಾವು ಹತ್ತಂಗಿಲ್ಲ."

ಕಮರುನ್ನೀಸಾ ಒಂದು ಹಕ್ಕಳೆ ಎತ್ತಿಕೊಂಡು ಬೆರಳಲ್ಲಿ ತಿರುಗಿಸಿ ನೋಡಿದಳು. ಆಚೆ ಬಾವಿಯಲ್ಲಿ ರಾಟೆ ಕಿರ್ ಅಂದು ಪೀಪಾಯಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಇದೇ ನೀರು. ಗುರುವಾರದಿಂದ ಗುರುವಾರಕ್ಕೆ, ಹಂಡೆಗಿಂತ ಹೆಚ್ಚು ಕಾಯುವ ರೇಡಿಯೇಟರಿನ ಹೊಟ್ಟೆಯೊಳಗೆ, ಬೆರಳೂ ಹೋಗದ ಸಣ್ಣ ಸಣ್ಣ ಕೊಳವೆಗಳೊಳಗೆ. ತಿಳಿಯಲು ಇನ್ನೇನು ಬೇಕು?

ಆದರೆ ಹೇಳುವುದು ಹೇಗೆ? ಅವನಿಗೆ ಅದು ಬರಿ ನೀರಾಗಿರಲಿಲ್ಲ, ತಾಯಿಯ ಕೈಯಾಗಿತ್ತು. "ನಿಮ್ಮ ಅಮ್ಮಾನ ನೀರ ಬಸ್ಸು ಕೊಲ್ಲಲಿಕತ್ತದ ಅಂತ ಯಾವ ಬಾಯಿಲೆ ಹೇಳ್ಲಿ?" ಅಂತ ಆಕೆ ಸೈದಾನಬಿಯ ಮುಂದೆ ಕುಳಿತು ಕಣ್ಣೊರೆಸಿಕೊಂಡಳು. ಮುದುಕಿ ಹಂಡೆ ತಿಕ್ಕುವುದು ನಿಲ್ಲಿಸಲಿಲ್ಲ. ಕಡೆಗೆ, "ಬರೋ ಗುರುವಾರ ಇಬ್ಬರೂ ಇಲ್ಲೇ ಊಟಕ್ಕ ಬರ್ರಿ," ಅಂದಳು.

ಆ ಗುರುವಾರ ಸೈದಾನಬಿ ಚಾಪೆ ಹಾಸಿ, ಜೋಳದ ರೊಟ್ಟಿ, ಉಳ್ಳಾಗಡ್ಡಿ, ತೊಗರಿ ಬ್ಯಾಳಿ ಬಡಿಸಿದಳು. ನಮ್ಮ ಕಡೆಯ ತೊಗರಿ ಅಂದರೆ ಬೆಣ್ಣೆಯಂತೆ ಕರಗುವಂಥದ್ದು. ಕರೀಮ್ ಒಂದು ತುತ್ತು ಬಾಯಿಗಿಟ್ಟ. ಅಗಿದ. ಮತ್ತೆ ಅಗಿದ. ದೊಡ್ಡವರ ಮನೆಯ ಊಟ. ಎರಡನೆಯ ತುತ್ತನ್ನು ನೀರು ಕುಡಿದು ನುಂಗಿದ.

"ಯಾಕ ಬೇಟಾ, ಛಲೋ ಆಗಿಲ್ಲೇನು?"

"ಛಲೋ ಅದ ಖಾಲಾ. ಬ್ಯಾಳಿ ಜರಾ... ಬೆಂದಿಲ್ಲ."

"ಮುಂಜಾನಿ ನಮಾಜಿಗಿ ಎದ್ದು ಒಲಿ ಮ್ಯಾಲ ಇಟ್ಟೀನಿ. ಈಗ ಇಳಸ್ದೆ."

"ಅಷ್ಟು ಹೊತ್ತ? ಯಾವ ನೀರಿನ್ಯಾಗ ಇಟ್ಟಿದ್ದಿ?"

"ಇದ, ಬಾವಿ ನೀರಿನ್ಯಾಗ."

ಕರೀಮ್ ನಕ್ಕುಬಿಟ್ಟ. "ಖಾಲಾ, ನಿನಗ ವಯಸ್ಸಾತು ನೋಡು! ಈ ನೀರಿನ್ಯಾಗ ಯಾರರೆ ಬ್ಯಾಳಿ ಇಡ್ತಾರೇನು? ಇದು ಸವುಳು ನೀರು. ಕಾಗಿಣಾ ಹೊಳಿ ನೀರು ತರಸಬೇಕಿಲ್ಲೇನು?"

"ಖರೇ," ಅಂದಳು ಸೈದಾನಬಿ. "ಮುಷ್ಟಿ ಬ್ಯಾಳಿ ಬೇಯ್ಸಲಾರದ ನೀರು. ನೀ ಅದನ್ನ ಅಷ್ಟು ದೊಡ್ಡ ಬಸ್ಸಿಗಿ ಕುಡಸ್ತಿ."

ಕರೀಮನ ನಗೆ ಅಲ್ಲೇ ನಿಂತಿತು. ಮುದುಕಿ ಎದ್ದು ಹೋಗಿ, ಹಂಡೆಯಿಂದ ಉದುರಿದ ಹಕ್ಕಳೆಗಳನ್ನು ಸೆರಗಿನಲ್ಲಿ ತಂದು ಅವನ ತಾಟಿನ ಪಕ್ಕಕ್ಕೆ ಸುರುವಿದಳು. ಅವನು ಒಂದನ್ನು ಮುರಿದ. ಪಟ್ ಅಂತ ಮುರಿಯಿತು. ಹೆಂಡತಿಯ ಕಡೆ ನೋಡಿದ. ಆಕೆ ರೊಟ್ಟಿ ನೋಡುತ್ತಿದ್ದಳು.

"ಅಮ್ಮಾ ತಂದ ನೀರು, ಖಾಲಾ," ಅಂದ, ಬಹಳ ಸಣ್ಣ ದನಿಯಲ್ಲಿ. "ಅದ ಹತ್ತಸ್ತು ಎಂಜಿನ್ನು."

"ಹತ್ತಸ್ತು. ನಾ ಇಲ್ಲ ಅನಂಗಿಲ್ಲ. ಅವತ್ತು ಆಕಿಗಿ ನೀರು ಸೇದಿ ಕೊಟ್ಟಾಕಿ ನಾನ. ಎಷ್ಟು ಒಯ್ದಾಳ ಗೊತ್ತೇನು? ಒಂದು ತಂಬಿಗಿ. ಅದರಾಗೂ ಅರ್ಧ ಹಾದ್ಯಾಗ ಚೆಲ್ಲಿರಬೇಕು, ಕೈ ನಡಗ್ತಿತ್ತು ಆಕಿದು. ನೀ ಪೀಪಾಯಿ ತಂದಿ. ದುವಾ ಪೀಪಾಯಿಲೆ ಅಳೀತಾರೇನು, ಬೇಟಾ?"

ಕರೀಮ್ ಮತ್ತೆ ತಾಟಿಗೆ ಕೈ ಹಾಕಿದ. ತಾಟಿನಲ್ಲಿದ್ದ ಆ ಬ್ಯಾಳಿಯನ್ನೇ ಒಂದು ಕಾಳು ಬಿಡದೆ ಅಗಿದು ಉಂಡು, ಕೈ ತೊಳೆದ. ಹೋಗುವಾಗ ಬಾವಿಯಿಂದ ಒಂದು ಸಣ್ಣ ತಂಬಿಗೆಯಷ್ಟೇ ನೀರು ಸೇದಿಕೊಂಡ. ಪೀಪಾಯಿ ಬರಿದಾಗಿಯೇ ಗಾಡಿಯೊಳಗೆ ಇತ್ತು. ಅದರಲ್ಲಿ ಅವನು ಕಾಗಿಣಾ ನೀರು ತುಂಬಿಕೊಂಡು ಬಂದ.

ಮರುದಿನ ಬಸ್ಸಿನ ಮುಂದೆ ಹೆಣ್ಣುಮಕ್ಕಳ ಕೆಲಸ ಗಂಡಸಿನ ಕೈಗೆ ಬಂತು. ಹುಣಚಿಹಣ್ಣು ನೆನೆಸಿ ಕಿವುಚಿ ಹುಳಿ ಮಾಡಿದರು. ನಾರು, ಬೀಜ ಹೋಗಿ ಕೊಳವೆಯಲ್ಲಿ ಸಿಕ್ಕಿಕೊಳ್ಳಬಾರದು ಅಂತ ಕಮರುನ್ನೀಸಾ ತೆಳು ಮಲ್ ಅರಿವೆಯಲ್ಲಿ ಸೋಸಿ ಸೋಸಿ ಕೊಟ್ಟಳು. ಕರೀಮ್ ಹಳೆಯ ನೀರನ್ನು ಕೆಳಗಿನ ನಲ್ಲಿಯಿಂದ ಬಿಟ್ಟು, ಹುಳಿ ನೀರು ತುಂಬಿ, ಎಂಜಿನ್ನು ಬೆಚ್ಚಗಾಗುವ ತನಕ ನಡೆಸಿ, ಹಂಗೇ ಬಿಟ್ಟ. ಮುಂಜಾನೆ ನಲ್ಲಿ ತಿರುಗಿಸಿದರೆ ಮೊದಲು ಕಂದು ನೀರು, ಆಮೇಲೆ ಸುಣ್ಣ ಕಲಸಿದ ಹಾಲಿನಂಥದ್ದು, ನಡುನಡುವೆ ಹಕ್ಕಳೆಯ ಚೂರು. ನಾನೂ ಕೊಡ ಇಳಿಸಿ ನಿಂತು ನೋಡಿದೆ. ನೆಲ ಬೆಳ್ಳಗಾಗಿಬಿಟ್ಟಿತು. ಮತ್ತೆ ಹುಳಿ, ಮತ್ತೆ ಹಾಲು. ತಿಳಿಯಾದ ಮೇಲೆ ಹುಳಿ ಹೋಗಲಿ ಅಂತ ಸೋಡಾ ಕರಗಿಸಿದ ನೀರು, ಕಡೆಗೆ ಬರಿ ಹೊಳೆಯ ನೀರು.

"ಆತು," ಅಂತ ಕರೀಮ್ ಸೊಂಟ ಎತ್ತಿ ನಿಂತ. ಅಷ್ಟರಲ್ಲಿ ಕಮರುನ್ನೀಸಾ ಕೆಳಗೆ ಬೆರಳು ತೋರಿಸಿದಳು. ರೇಡಿಯೇಟರಿನ ಬೆಸುಗೆಯ ಹೊಲಿಗೆಯ ಕಡೆಯಿಂದ ನೀರು ಮುತ್ತಿನ ಹಾಗೆ ಜಿನುಗುತ್ತಿತ್ತು. ಒಂದಲ್ಲ, ಸಾಲಾಗಿ.

ಕರೀಮ್ ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. "ನೋಡು! ಆ ಸುಣ್ಣ ಇದ್ದದ್ದರಿಂದ ಇದು ನೀರು ಹಿಡಿದಿತ್ತು. ಬಾಬಾ ಮೆತ್ತಿದ ಗಿಲಾವು ಅದು. ನಾವು ಕೆರದು ತಗದೇವಿ."

ಆಕೆಗೂ ಒಂದು ಗಳಿಗೆ ಅನ್ನಿಸಿತು, ತಾನು ಸೈದಾನಬಿಯ ಮುಂದೆ ಹೇಳಿಕೊಂಡಿದ್ದಕ್ಕೇ ಬಸ್ಸು ಹಾಳಾಯಿತೇ ಅಂತ. ಆದರೆ ಹಳೆಯ ಅರಿವೆ ಒಗೆದರೆ ತೂತು ಕಾಣುವುದು ದರ್ಜಿಗೆ ಹೊಸದಲ್ಲ. "ತೂತು ಮೊದಲ ಇತ್ತು ಅಜೀ. ಹೊಲಸು ಮುಚ್ಚಿತ್ತು ಅಷ್ಟ. ಈಗ ಕಂಡಾದಲ್ಲ, ತೇಪಿ ಹಚ್ಚೋಣು."

ತೇಪೆ ಹಚ್ಚಿದವನು ಓಣಿ ಓಣಿ ತಿರುಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಇಸಾಕ. ರೇಡಿಯೇಟರನ್ನು ಬಿಚ್ಚಿ ತೊಡೆಯ ಮೇಲೆ ಮಲಗಿಸಿಕೊಂಡು, "ಇಂಥಾ ಬೋಗುಣಿ ನನ್ನ ಆಯುಷ್ಯದಾಗ ನೋಡಿಲ್ಲ ಬಿಡ್ರಿ," ಅನ್ನುತ್ತ ತಿದಿ ಒತ್ತಿ, ಜಿನುಗುವ ಸಂದುಗಳಿಗೆ ತವರ ಕರಗಿಸಿ ಹಾಕಿದ. ಜಾಗ ಬೆಳ್ಳಿಯ ಹಾಗೆ ಹೊಳೆಯಿತು. ನೀರು ತುಂಬಿ ನೋಡಿದರು. ಜಿನುಗಲಿಲ್ಲ. ಆಗ ಕರೀಮ್ ಗೂಟಕ್ಕೆ ತೂಗುಹಾಕಿದ್ದ ಆ ಸಣ್ಣ ತಂಬಿಗೆ ಇಳಿಸಿ, ದರ್ಗಾದ ನೀರನ್ನು ಒಂದು ಬೊಗಸೆ ಮಾತ್ರ, ಬಿಸ್ಮಿಲ್ಲಾ ಅಂದು, ಅದಕ್ಕೆ ಕೂಡಿಸಿದ. ಅಷ್ಟು ನೀರಿನಿಂದ ಏನೂ ಕೆಡುವುದಿಲ್ಲ ಅಂತ ಕಮರುನ್ನೀಸಾಳೇ ಮುಚ್ಚಳ ಎತ್ತಿ ಕೊಟ್ಟಳು. ಕೆಡುವುದಿರಲಿ, ನನ್ನನ್ನು ಕೇಳಿದರೆ, ಅಷ್ಟು ಬೇಕೇ ಬೇಕಿತ್ತು.

ಮದುವೆಗೆ ಹೊರಟ ದಿನ ಗೊಲ್ಲಾಳಪ್ಪನೂ ಬಯಲಿಗೆ ಬಂದು ನಿಂತಿದ್ದ. "ಗುಡ್ಡದ ಬುಡಕ ನಿಂತ್ರ ಹೇಳಿ ಕಳಸ್ರಿ. ಲಾರಿ ತರ್ತೀನಿ," ಅಂದ. "ನೀ ಬಾಯಿ ಮುಚ್ಚಿಕೊಂಡು ಮೆಣಸಿನಕಾಯಿ ಇಳಸು ಮ್ಯಾಲಿಂದ," ಅಂದ ಕರೀಮ್. ಗೊಲ್ಲಾಳಪ್ಪ ನಿಜವಾಗಿಯೂ ಹತ್ತಿ ಇಳಿಸಿಕೊಟ್ಟ.

ವಾಡಿ ದಾಟಿತು, ಚಿತ್ತಾಪುರ ದಾಟಿತು. ಸೇಡಂದಲ್ಲಿ ಚಹಾ ಕುಡಿದರು. ತಗಡಿನ ಹೊದಿಕೆಯ ಮೇಲೆ ಕಮರುನ್ನೀಸಾ ಹೊಸ ಮೇಣದ ತುಂಡು ಇಟ್ಟಿದ್ದಳು, ನಾಲ್ಕೂ ಮೂಲೆ ಚೂಪಾಗಿ ಕತ್ತರಿಸಿ. ಅದರ ಮೇಲಿನ ಕಣ್ಣು ತೆಗೆಯದೆ ಕುಳಿತಿದ್ದಳು. ಚಿಂಚೋಳಿ ಬಂದಾಗಲೂ ಮೂಲೆಗಳು ಹಂಗೇ ಇದ್ದವು. ಕರೀಮ್ ಸಣ್ಣಗೆ ಹಾಡು ಗುನುಗುತ್ತಿದ್ದ. ಊರು ದಾಟಿ ಕಾಡಿನ ದಾರಿ ಹಿಡಿದು, ಮುಂದೆ ಏರು ಕಾಣಿಸುವಾಗ, ಕೆಳಗಿನಿಂದ ಸಣ್ಣದೊಂದು ಕೀಚಲು ಕೇಳಿತು. ಗೇರು ಬದಲಿಸಿದಾಗ ಬಂತು, ಹೋಯಿತು.

"ನಿಲ್ಲಸ್ರಿ," ಅಂದಳು.

"ಮೇಣ ಕರಗ್ಯಾದ?"

"ಇಲ್ಲ. ಬೆಲ್ಟು ಜಾರ್ಲಿಕತ್ತದ."

"ಹೊಸಾ ಬೆಲ್ಟು ಅದ ಕಮರು! ಈಗ ನಿಲ್ಲಿಸಿದ್ರ ಏರಿಗಿ ಓಟ ಸಿಗಂಗಿಲ್ಲ. ಸುಮ್ನ ಕುಂಡ್ರು."

"ಹೊಸಾದಿದ್ದಿದ್ದಕ್ಕ ಜಾರ್ಲಿಕತ್ತದ. ಹೊಸಾ ಪಟ್ಟಿ ಮೊದಲ ಮೊದಲ ಎಳಕೋತದ. ನನ್ನ ಮಷೀನಿಂದು ಎಳಕೊಂಡಿಲ್ಲೇನು? ಏರನ್ಯಾಗ ಜಾರ್ತಂದ್ರ ಪಂಪು ನಿಂತಂಗ."

ಕರೀಮ್ ಏರಿನ ಕಡೆ ನೋಡಿದ. ಹಿಂದೆ ಎತ್ತು ಕಟ್ಟಿದ ತಿರುವು ಅಲ್ಲಿಂದಲೇ ಕಾಣುತ್ತಿತ್ತು. ಆಮೇಲೆ ಹೆಂಡತಿಯ ಮುಖ ನೋಡಿದ. ತೇಗದ ಮರದ ಕೆಳಗೆ ನಿಲ್ಲಿಸಿದ. ಬಾನೆಟ್ಟು ಎತ್ತಿ ಇಬ್ಬರೂ ಬಗ್ಗಿದರು. ಬೆಲ್ಟಿನ ಮೇಲೆ ಹೆಬ್ಬೆರಳು ಒತ್ತಿದರೆ ಬೇಕಾದದ್ದಕ್ಕಿಂತ ಬಹಳ ಒಳಗೆ ಹೋಯಿತು. ಅವನು ಡೈನಮೋ ಹೊರಗೆ ಎಳೆದು ಹಿಡಿದ, ಆಕೆ ಪಾನಾ ಹಾಕಿ ಬೋಲ್ಟು ತಿರುವಿದಳು.

"ಸಾಕು?" ಅಂದ.

ಆಕೆ ಒತ್ತಿ ನೋಡಿದಳು. "ಜರಾ ಇನ್ನಾ... ಹಾಂ. ಉಸುರು ಬಿಡಲಿಕ್ಕ ಇಷ್ಟಿರ್ಲಿ."

ಏರು ಸುರುವಾಯಿತು. ಬಸ್ಸು ನಿಧಾನ, ಹೊಟ್ಟೆ ತುಂಬಿದ ಎಮ್ಮೆಯ ಹಾಗೆ, ಮೊದಲ ಗೇರಿನಲ್ಲಿ ಹತ್ತಿತು. ಎತ್ತು ಕಟ್ಟಿದ ತಿರುವು ಬಂತು. ಅಲ್ಲಿ ಮೇಣದ ಒಂದು ಮೂಲೆ ಸ್ವಲ್ಪ ಹೊಳೆದ ಹಾಗಾಯಿತು. ಕಮರುನ್ನೀಸಾ ಬಾಯಿ ತೆರೆದವಳು ಮುಚ್ಚಿಕೊಂಡಳು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು. ಅಂಗೈಯಿಂದ ಬಿಸಿಲು ಮರೆ ಮಾಡಿದಳು. ಹೊಳಪು ಹೋಯಿತು. ಬೆರಳು ಮುಟ್ಟಿಸಿದಳು. ಗಟ್ಟಿ. ತಿರುವು ಹಿಂದೆ ಬಿತ್ತು. ಆಮೇಲೆ ದಾರಿ ಸಪಾಟಾಗಿ, ಮದುವೆ ಮನೆಯ ಹಂದರದ ಹಸಿರು ಕಂಡಿತು.

ಅಮೃತಮ್ಮ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಬಂದ್ಯಾ ಟೇಲರ್ ಬಾಯಿ! ಎತ್ತು ಹೂಡಿ ಇಟ್ಟಿದ್ದೆವು, ನಿಮ್ಮನ್ನ ಎಳ್ಕೊಂಡು ಬರಲಿಕ್ಕ!"

"ಎತ್ತಿಗಿ ಹುಲ್ಲು ಹಾಕ್ರಿ ಅಮ್ಮಾರ," ಅಂದಳು ಕಮರುನ್ನೀಸಾ. ಆ ಮಾತು ಹೇಳುವಾಗ ಎಷ್ಟು ಹಿಗ್ಗಾಯಿತು ಅಂತ ನನ್ನ ಮುಂದೆ ಮತ್ತೆ ಮತ್ತೆ ಹೇಳಿದಳು.

ಬಾಗಿಲು ಹಾಕಿಕೊಂಡು ಮದುಮಗಳಿಗೆ ಕುಬಸ ತೊಡಿಸಿ ನೋಡಿದಳು. ಒಂದು ಕಡೆ ಬಿಗಿಯಿತ್ತು, ಬಿಚ್ಚಿದಳು. ಕೊನೆಯ ಗುಂಡಿ ಕೂಡಿಸಲು ನೂಲು ಎಳೆದದ್ದು ಆ ಮೇಣದ ತುಂಡಿಗೇ. ಚೂಪು ಮೂಲೆಯಲ್ಲಿ ನೂಲು ಚೆನ್ನಾಗಿ ಕೂತಿತು.

ಹೊರಗೆ ಕರೀಮ್ ಎಂಜಿನ್ನು ಆರುವ ತನಕ ಕಾದು, ಚೀಲ ಹಾಕಿ ಮುಚ್ಚಳ ತೆರೆದು ನೋಡಿದ. ನೀರು ಇದ್ದಷ್ಟೇ ಇತ್ತು. ಆದರೂ ಇಳಿಯುವಾಗ ಬೇಕಾದೀತು ಅಂತ, ಅಮೃತಮ್ಮ ತಂದಿಟ್ಟ ಕೊಡದ ಕಡೆ ನೋಡಿ ಕೇಳಿದ:

"ಅಮ್ಮಾರ, ಈ ನೀರಿನ್ಯಾಗ ಬ್ಯಾಳಿ ಬೇಯ್ತಾವೇನ್ರಿ?"

ಅಮೃತಮ್ಮ ಬೆರಗಾಗಿ ಅವನ ಮುಖ ನೋಡಿದಳು. "ಅಯ್ಯ, ನನ್ನ ಬುದ್ಧಿಗಿಷ್ಟು! ಹಸಿದು ಬಂದಾರ ಪಾಪ, ನಾ ಕುಬಸ ಕುಬಸ ಅನಕೋತ ನಿಂತೀನಿ. ಬೆಂದಾವ್ರಿ ಸಾಬ್ರ, ಭಾಳ ಹೊತ್ತಾತು ಬೆಂದು. ಬರ್ರಿ, ಕುಂದ್ರಿ, ಮೊದಲ ಊಟ ಮಾಡ್ರಿ."

ಪರದೆಯ ಹಿಂದಿನಿಂದ ಕಮರುನ್ನೀಸಾಳ ನಗು ಕೇಳಿಸಿತು. ಯಾಕೆ ನಗುತ್ತಾಳೆ ಅಂತ ಮದುಮಗಳಿಗೆ ತಿಳಿಯಲಿಲ್ಲ, ಆಕೆಯೂ ನಕ್ಕಳು.

ಅವರು ತಿರುಗಿ ಬಂದ ದಿನ ಗೊಲ್ಲಾಳಪ್ಪ ಬಯಲಿನಲ್ಲೇ ಸಿಕ್ಕ. ಬಾನೆಟ್ಟು ಮುಟ್ಟಿ ನೋಡಿದ, ಆವಿ ಹುಡುಕಿದ, ಸಿಗಲಿಲ್ಲ. ತಲೆ ಕೆರೆದುಕೊಂಡು, "ಹಂಗಾರ ಟೇಲರ್ ಬಾಯಿ, ನಮ್ಮನಿಯಾಕಿದು ಒಂದು ಕುಬಸದ ಖಣ ಅದ, ಹೊಲಕೊಡ್ತೀರೇನು?" ಅಂದ.

"ಅವರನ್ನ ಕರಕೊಂಡು ಬರ್ರಿ, ಅಳತಿ ತಗೋತೀನಿ. ನೀವು ಮಾತ್ರ ಹೊರಗ ನಿಂದರಬೇಕು," ಅಂದಳು ಕಮರುನ್ನೀಸಾ.

ಅವನ ಹೆಂಡತಿ ಅಳತೆ ಕೊಡುತ್ತಿದ್ದಾಗ ನಾನೂ ಒಳಗಿದ್ದೆ. ಹೊರಗೆ ಗೊಲ್ಲಾಳಪ್ಪ ಬಾನೆಟ್ಟಿನ ಮುಂದೆ ಬಗ್ಗಿ ನಿಂತಿದ್ದ. ಕರೀಮ್ ಅವನ ಹೆಬ್ಬೆರಳು ಹಿಡಿದು ಬೆಲ್ಟಿನ ಮೇಲೆ ಒತ್ತಿಸುತ್ತಿದ್ದ. ಅಂದು ಗುರುವಾರ. ತಂಬಿಗೆ ಗೂಟದ ಮೇಲೆ ಒದ್ದೆಯಾಗಿ ತೂಗುತ್ತಿತ್ತು.